ಹೇಳಿದಂತೆ ಮಾಡಿದವಳು

ಛಾಯಾಬಾಯಿ ಬಟ್ಟೆ ಸರಿಸಿದ ಕೂಡಲೇ ಹವಾಲ್ದಾರ ಹಣಮಂತ ಗೋಡೆಯ ಕಡೆ ಮುಖ ತಿರುಗಿಸಿದ.

ಹೆಣ ಅವನಿಗೆ ಹೊಸದಲ್ಲ. ಬಾವಿಯಿಂದ ಎತ್ತಿದ್ದು, ಕಬ್ಬಿನ ಹೊಲದಲ್ಲಿ ಕೊಡಲಿ ಏಟಿಗೆ ಬಿದ್ದದ್ದು, ಎಲ್ಲವನ್ನೂ ನೋಡಿ ಮನೆಗೆ ಹೋಗಿ ರೊಟ್ಟಿ ಉಂಡವನೇ. ಆದರೆ ಗಡಹಿಂಗ್ಲಜದ ಸರಕಾರಿ ಆಸ್ಪತ್ರೆಯ ಕಲ್ಲುಮೇಜಿನ ಮೇಲೆ ಅವತ್ತು ಕಂಡದ್ದು ಬೇರೆ. ಸತ್ತವನ ಹೆಸರು ಸತ್ಯಪ್ಪ. ಕೋವಾಡದ ಕಡೆಯ ಕುರುಬರವನು, ಇಚಲಕರಂಜಿಗೆ ಹೋಗಿ ಪವರ್‌ಲೂಮ್ ಹಾಕಿಕೊಂಡು ಬದುಕು ಕಟ್ಟಿದ್ದ. ನಲವತ್ತು ಇನ್ನೂ ಮುಟ್ಟಿರಲಿಲ್ಲ. ಮೈಮೇಲೆ ಎಲ್ಲೂ ಏಟಿಲ್ಲ. ಹೊಟ್ಟೆಯ ಕೆಳಗೆ, ಗಂಡಸಿನ ಗುರುತು ಇರಬೇಕಾದಲ್ಲಿ ಮಾತ್ರ, ಒಲೆಯಿಂದ ಎಳೆದ ಕೊಳ್ಳಿಯ ಹಾಗೆ ಕಪ್ಪಾಗಿತ್ತು. ಅದರ ಸುತ್ತ ಯಾವುದೋ ಸೊಪ್ಪಿನ ಹಸಿರು ಲೇಪ.

"ಹವಾಲ್ದಾರ್ರ, ಈ ಕಡೆ ನೋಡ್ರಿ," ಅಂದರು ಬಾಯಿ. "ನೋಡದೇ ಪಂಚನಾಮೆ ಹೆಂಗ ಬರೀತೀರಿ?"

ಛಾಯಾಬಾಯಿ ಆ ಆಸ್ಪತ್ರೆಯ ಡಾಕ್ಟರು. ಜಯಸಿಂಗಪುರದ ಜೈನರ ಮನೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ಯಾವುದಕ್ಕೂ ಅದರ ಹೆಸರು ಹಿಡಿದೇ ಮಾತಾಡುವವರು. ಬಸುರಿಗೆ ಬಸುರಿ ಅನ್ನುವರು, ಗುಪ್ತರೋಗಕ್ಕೆ ಗುಪ್ತರೋಗ ಅನ್ನುವರು, ಅದೂ ಹೊರಗೆ ಕಾದು ಕೂತವರಿಗೆ ಕೇಳುವ ಹಾಗೆ. ಈ ಬಾಯಿಗೆ ಬಾಯಿ ಜೋರು ಅಂತ ಪೇಟೆಯಲ್ಲಿ ಮಾತಾಗಿತ್ತು. ಹಣಮಂತನೂ ಹಾಗೆ ಆಡಿಕೊಂಡವರಲ್ಲಿ ಒಬ್ಬ.

"ಶಿಶ್ನ ತುದಿಯಿಂದ ಸತ್ತೈತಿ," ಅಂದರು ಬಾಯಿ, ತಕ್ಕಡಿಯಲ್ಲಿ ಬೆಲ್ಲ ತೂಗುವವರ ದನಿಯಲ್ಲಿ. ಹಣಮಂತನ ಕಿವಿ ಬಿಸಿಯಾಯಿತು. "ಬುಡದಾಗ ಹೊಲಿಗಿ ಐತಿ ನೋಡ್ರಿ. ಇತ್ತಿತ್ಲಾಗ ಆಪರೇಶನ್ ಆಗೈತಿ. ಹೊಲಿಗಿ ಸ್ವಚ್ಛ ಐತಿ."

"ಹರ್ನಿಯಾ ಆಗಿತ್ತಂತ್ರಿ. ಅವನ ಅಣ್ಣ ಹೇಳ್ಯಾನ."

ಬಾಯಿ ಚಾಕು ಇಟ್ಟರು. ಒಳಗಿಂದ ಎರಡು ಬಿಳಿ ಕಡ್ಡಿ ಬಂದವು. ರಬ್ಬರಿನಂತೆ ನುಣುಪು, ಕಿರುಬೆರಳಿನಷ್ಟು ದಪ್ಪ. ಬಾಗಿಸಿದರೆ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗುತ್ತಿದ್ದವು.

"ಇದು ಹರ್ನಿಯಾ ಅಲ್ಲ," ಅಂದರು ಬಾಯಿ. ಗಂಡಸುತನ ಹೋದವರಿಗೆ ಒಳಗೆ ಇಂಥ ಸಿಲಿಕಾನ್ ಕಡ್ಡಿ ಕೂರಿಸುತ್ತಾರೆ, ಹೊರದೇಶದಲ್ಲಿ ಶುರುವಾದದ್ದು ಈಗ ಮುಂಬಯಿಗೂ ಬಂದಿದೆ, ಆದರೆ ನಮ್ಮ ಸೀಮೆಯಲ್ಲಿ ಯಾರಾದರೂ ಮಾಡುತ್ತಾರೆಂದು ಗೊತ್ತಿರಲಿಲ್ಲ ಅಂತ ವಿವರಿಸಿದರು. ಎಂಬತ್ನಾಲ್ಕನೇ ಇಸವಿಯಲ್ಲಿ ಇಂಥದ್ದೂ ಇರುತ್ತದೆಂದು ಹಣಮಂತ ಕನಸಿನಲ್ಲೂ ಎಣಿಸಿರಲಿಲ್ಲ.

ಆಮೇಲೆ ಬಾಯಿ ಹೆಣದ ಸೊಂಟದ ಮೇಲೆ ಬೆರಳಿಟ್ಟರು. ಕರಿ ಉಡದಾರ ಇತ್ತು. ಅದರ ಕೆಳಗೆ ಚರ್ಮ ಸುತ್ತಲೂ ತಗ್ಗಾಗಿ ಕಂದಿತ್ತು.

"ಇದೇನು ಗುರುತು?"

"ಉಡದಾರದ್ರಿ ಬಾಯಾರ. ಗಂಡಸಾಗಿ ಹುಟ್ಟಿದವಗ ಸಾಯೂತನಕ ಇರ್ತೈತಿ. ನನಗೂ ಐತಿ."

ಬಾಯಿ ಎರಡು ಬೆರಳು ಜೋಡಿಸಿ ಆ ಗುರುತಿನ ಮೇಲಿಟ್ಟು ಅಳೆದರು, ಹೆಣವನ್ನು ಮಗ್ಗುಲಾಗಿಸಿ ಬೆನ್ನಿನ ಕಡೆಗೂ ನೋಡಿದರು. ಹಣಮಂತ ಪಂಚನಾಮೆಯಲ್ಲಿ 'ಸೊಂಟದಲ್ಲಿ ಉಡದಾರದ ಗುರುತು' ಅಂತ ಬರೆದು ಪೆನ್ನು ಮುಚ್ಚಿದ.

ಠಾಣೆಯಲ್ಲಿ ಸತ್ಯಪ್ಪನ ಅಣ್ಣ ಮಲ್ಲಾರಿ ಕೂತಿದ್ದ. ಕುರಿ ಕಾಯ್ದು ಬಿಸಿಲುಂಡ ಮೈ, ಹೆಗಲ ಮೇಲೆ ಕಂಬಳಿ. ತಮ್ಮನಿಗೆ ಜ್ವರ ಏರಿದೆ ಎಂದು ಕೇಳಿ ಅವನೇ ಇಚಲಕರಂಜಿಗೆ ಹೋಗಿ, ಗಡಹಿಂಗ್ಲಜದ ಬಳಿಯ ನಾಟಿ ವೈದ್ಯನ ಹತ್ತಿರ ಕರೆತಂದಿದ್ದ. ವೈದ್ಯ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿ ಎಸೆದು, ಸೊಪ್ಪು ಅರೆದು ಹಚ್ಚಿ, ಇದು ನನ್ನ ಕೈ ಮೀರಿತು ಅಂದಿದ್ದ. ಸರಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಸತ್ಯಪ್ಪನ ಉಸಿರು ನಿಂತಿತ್ತು.

ಮಲ್ಲಾರಿಯ ತಕರಾರು ಒಂದೇ. ತಮ್ಮನನ್ನು ಕೊಂದವಳು ತಮ್ಮನ ಹೆಂಡತಿ ಯಮುನವ್ವ.

ಅದಕ್ಕೆ ಸಾಕ್ಷಿಯೂ ಅವನ ಹತ್ತಿರ ಇತ್ತು. ಇಚಲಕರಂಜಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಯ ಮಂಗಲ ಎಂಬವಳು ತನ್ನ ಕಿವಿಯಾರೆ ಕೇಳಿದ್ದಳು. ಸತ್ಯಪ್ಪ 'ಬಿಡ, ಬಿಡ, ಸಾಯ್ತೀನಿ' ಎಂದು ಒದರುತ್ತಿದ್ದನಂತೆ. ಯಮುನವ್ವ 'ಬಿಡೂದಿಲ್ಲ' ಅನ್ನುತ್ತಿದ್ದಳಂತೆ. ಒಂದು ಸಲ ಅಲ್ಲ, ಮತ್ತೆ ಮತ್ತೆ.

ಠಾಣೆಯ ಮೇಲಧಿಕಾರಿ ಫೌಜದಾರರಿಗೆ ಇಷ್ಟೇ ಬೇಕಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಮನುಷ್ಯ. ಅದೂ ಅಲ್ಲದೆ ಈ ಕಡ್ಡಿ, ಈ ಕಪ್ಪು, ಇದನ್ನೆಲ್ಲ ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳುವುದು ಯಾರು? ಹೆಂಡತಿ ವಿಷ ಹಚ್ಚಿ ಕೊಂದಳು ಎಂದರೆ ಮಾತು ಮುಗಿಯುತ್ತದೆ. ಬಾಯಿ ಮಾತ್ರ ಸಾವಿನ ಕಾರಣ ಗೊತ್ತಾಗದೆ ಸಹಿ ಮಾಡುವುದಿಲ್ಲ ಎಂದು ಕೂತರು. ನಾಳೆ ಸಂಜೆಯವರೆಗೆ ಏನು ಹುಡುಕುವುದಿದೆಯೋ ಹುಡುಕಿ, ಆಮೇಲೆ ಅವಳನ್ನು ಒಳಗೆ ಹಾಕುವುದೇ ಎಂದರು ಫೌಜದಾರರು.

ಯಮುನವ್ವ ಠಾಣೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಇಪ್ಪತ್ತೇಳರ ಹೆಂಗಸು. ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತೋ, ಇನ್ನೂ ಶುರುವಾಗಿರಲಿಲ್ಲವೋ ಹಣಮಂತನಿಗೆ ತಿಳಿಯಲಿಲ್ಲ. ಬಾಯಿ ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತು, ಕಡ್ಡಿಯ ವಿಷಯ ತಮಗೆ ಗೊತ್ತಾಗಿದೆ ಎಂದರು. ಆಗ ಸಣ್ಣ ದನಿಯಲ್ಲಿ ಒಂದೊಂದೇ ಹೊರಬಂತು.

ಸತ್ಯಪ್ಪನಿಗೆ ಸಕ್ಕರೆ ರೋಗ. ಅದು ಬಂದು ಅವನ ಗಂಡಸುತನ ಹೋಗಿ ವರ್ಷಗಳಾಗಿದ್ದವು. ಮಗ್ಗದ ಸದ್ದಿನಲ್ಲಿ ಹಗಲು ಹೇಗೋ ಕಳೆಯುತ್ತಿದ್ದ, ದೀಪ ಆರಿಸಿದ ಮೇಲೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ. ತನಗೆ ಏನೂ ಬೇಡ, ಹೀಗೇ ಇರೋಣ ಎಂದು ಅವಳು ಎಷ್ಟು ಹೇಳಿದರೂ ಅವನ ಮನಸ್ಸು ಒಪ್ಪಲಿಲ್ಲ. ಕೊಲ್ಹಾಪುರದಲ್ಲಿ ಒಬ್ಬ ಸರ್ಜನ್ ಇದ್ದಾರೆ, ಮತ್ತೆ ಗಂಡಸನ್ನಾಗಿ ಮಾಡುತ್ತಾರೆ ಎಂದು ನೂಲಿನ ವ್ಯಾಪಾರಿಯೊಬ್ಬ ಕಿವಿಯಲ್ಲಿ ಹೇಳಿದ. ಊರಿಗೆಲ್ಲ ಹರ್ನಿಯಾ ಎಂದು ಸಾರಿ, ಇಬ್ಬರೇ ಹೋಗಿ ಆಪರೇಶನ್ ಮಾಡಿಸಿಕೊಂಡು ಬಂದಿದ್ದರು.

"ಮನೀಗೆ ಬಂದಮ್ಯಾಲೆ ನೀ ಏನರ ಹಚ್ಚೀಯೇನು? ಎಲಿ, ಬೂದಿ, ದೇವರ ಭಂಡಾರದ ಅರಿಷಿಣ?"

"ಇಲ್ರಿ ಬಾಯಾರ. ಡಾಕ್ಟರು ಹೇಳಿದ್ದಕ್ಕ ಒಂದೆಳಿ ಹೆಚ್ಚಿಲ್ಲ, ಒಂದೆಳಿ ಕಡಿಮಿಲ್ಲ. ಹಂಗ ಮಾಡೀನಿ."

"ಬಿಡ ಅಂತ ಅವರು ಒದರಿದ್ದು ಖರೇನ?"

"ಖರೇರಿ."

"ಮತ್ತ ನೀ ಬಿಡೂದಿಲ್ಲ ಅಂದ್ಯಾ?"

"ನಾ ಏನ ಅಂದ್ರೂ ಬಿಡಬ್ಯಾಡ ಅಂತ ಅವರೇ ಮೊದಲ ಹೇಳಿದ್ರು."

ಹಿಂದೆ ನಿಂತಿದ್ದ ಫೌಜದಾರರು ನಕ್ಕರು. ಸಾಯುವವನು ತನ್ನನ್ನು ಬಿಡಬೇಡ ಎಂದು ಹೇಳುತ್ತಾನೆಯೇ? ಅಷ್ಟರಲ್ಲಿ ಮಲ್ಲಾರಿಯೂ ಬಂದು ಬಾಗಿಲಲ್ಲಿ ನಿಂತ. ಭಾವನನ್ನು ಕಂಡದ್ದೇ ಯಮುನವ್ವ ಸೆರಗು ಮುಖದ ಮೇಲೆಳೆದುಕೊಂಡಳು. ಅಲ್ಲಿಗೆ ಅವಳ ಮಾತು ನಿಂತಿತು. ಭಾವನ ಎದುರು ಗಂಡನ ಹೆಸರನ್ನೇ ಎತ್ತದ ಮನೆತನದವಳು ಗಂಡನ ಆ ಭಾಗದ ಮಾತು ಎತ್ತುತ್ತಾಳೆಯೇ? ಫೌಜದಾರರು ಮಾತ್ರ ಅವಳು ತಪ್ಪು ಒಪ್ಪಿಕೊಂಡಳು ಎಂದು ಮೀಸೆ ತಿರುವಿಕೊಂಡರು.

ಹಣಮಂತನಿಗೆ ಅವಳನ್ನು ನೋಡಿ ಸಂಕಟವಾಯಿತು. ಆದರೆ ಸಂಕಟ ಸಾಕ್ಷಿಯಲ್ಲ. ಸಂಕಟವಾಗುವಂಥ ಮುಖದವರೇ ಕೊಂದದ್ದನ್ನೂ ಅವನು ಕಂಡಿದ್ದ.

ಮರುದಿನ ಬೆಳಿಗ್ಗೆ ನಾಲ್ವರೂ ಎಸ್.ಟಿ. ಬಸ್ಸಿನಲ್ಲಿ ಇಚಲಕರಂಜಿಗೆ ಹೋದರು. ಮುಂದೆ ಬಾಯಿ ಮತ್ತು ಯಮುನವ್ವ, ಹಿಂದಿನ ಸೀಟಿನಲ್ಲಿ ಹಣಮಂತ, ಅವನ ಪಕ್ಕ ಮಲ್ಲಾರಿ. ಮಲ್ಲಾರಿ ದಾರಿಯುದ್ದಕ್ಕೂ ತಮ್ಮನ ಹೆಂಡತಿಯ ಬೆನ್ನನ್ನೇ ದಿಟ್ಟಿಸುತ್ತಿದ್ದ.

ಆ ಓಣಿಯಲ್ಲಿ ಮನೆಮನೆಗೂ ಮಗ್ಗ. ಖಟಖಟ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಕೂಗಬೇಕು. ಸತ್ಯಪ್ಪನ ಮಗ್ಗಗಳು ಮಾತ್ರ ಸುಮ್ಮನಿದ್ದವು. ಮಂಗಲ ತನ್ನ ಹೊಸ್ತಿಲಲ್ಲಿ ನಿಂತು, ಕೇಳಿದ್ದನ್ನೇ ಮತ್ತೆ ಹೇಳಿದಳು. ಕರೆಂಟು ಹೋಗಿ ಮಗ್ಗ ನಿಂತಾಗಲೆಲ್ಲ ಆ ಕೂಗು ಕಿವಿಗೆ ಬೀಳುತ್ತಿತ್ತು. ಅವಳು ಸುಳ್ಳು ಹೇಳುವ ಹೆಂಗಸಾಗಿ ಕಾಣಲಿಲ್ಲ.

"ಕಡೀತನಕ ಒದರಿದ್ರೇನು?" ಬಾಯಿ ಕೇಳಿದರು.

"ಇಲ್ರಿ. ಮೊದಲೆರಡು ದಿನ ಒದರಿದ್ರು. ಆಮ್ಯಾಲ ಸುಮ್ಮನಾದ್ರು. ಆರಾಮ ಆಗೈತಿ ಅಂತ ನಾನೂ ತಿಳಕೊಂಡಿದ್ದೆ."

ಬಾಯಿಯ ಮುಖ ಒಮ್ಮೆಲೇ ಬಾಡಿತು. ಏಕೆ ಎಂದು ಹಣಮಂತನಿಗೆ ತಿಳಿಯಲಿಲ್ಲ. ನೋವು ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ?

ಹಿತ್ತಲಲ್ಲಿ ಒಣಹಾಕಿದ ಬಟ್ಟೆ ಹಾಗೇ ಇದ್ದವು. ಒಂದು ಧೋತರ, ಒಂದು ಸೀರೆ, ಮಂಜರಪಾಟು ಬಟ್ಟೆಯ ಎರಡು ಉದ್ದನೆಯ ಲಂಗೋಟ. ಹಾಲಿನ ಹಾಗೆ ಬೆಳ್ಳಗೆ ಒಗೆದಿದ್ದವು. ಬಾಯಿ ಅದರ ಮುಂದೆ ನಿಂತುಬಿಟ್ಟರು.

"ಹವಾಲ್ದಾರ್ರ, ಈ ಮನ್ಯಾಗ ಪೈಲವಾನ ಯಾರದಾರ?"

ಹಣಮಂತನಿಗೆ ನಗು ಬಂತು. ಗಂಡಸರ ಆಪರೇಶನ್ ಏನೇ ಆಗಲಿ, ಆಮೇಲೆ ಲಂಗೋಟ ಕಟ್ಟುವುದು ಎಲ್ಲರಿಗೂ ಗೊತ್ತು. ಅವನಿಗೇ ಬುಡ್ಡಿ ಇಳಿದು, ಅಂದರೆ ವೃಷಣದಲ್ಲಿ ನೀರು ತುಂಬಿ, ಆಪರೇಶನ್ ಆದಾಗ ತಿಂಗಳುಗಟ್ಟಲೆ ಕಟ್ಟಿದ್ದ. ಅದನ್ನು ಒಬ್ಬ ಹೆಣ್ಣುಮಗಳಿಗೆ ಹೇಗೆ ಹೇಳುವುದು? ಅರ್ಧ ಹೇಳಿ ಅರ್ಧ ನುಂಗಿದ. ಬಾಯಿ ಒಂದು ಲಂಗೋಟ ತೆಗೆದು, ಅದರ ಪಟ್ಟಿಯ ಮೇಲೆ ಎರಡು ಬೆರಳು ಜೋಡಿಸಿಟ್ಟು ನೋಡಿ, ಮಡಚಿ ಚೀಲಕ್ಕೆ ಹಾಕಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಕೊಲ್ಹಾಪುರ. ಸರ್ಜನ್ ಕಾಕಾಸಾಹೇಬ ಮಗದುಮ್ಮರ ಖಾಸಗಿ ದವಾಖಾನೆ ಹಳೇ ವಾಡೆಯೊಂದರಲ್ಲಿತ್ತು. ಹೊರಗಿನ ಕೋಣೆಯಲ್ಲಿ ಗುಂಡು ಎಂಬ ಕಂಪೌಂಡರ್ ಹತ್ತಿ ಸುತ್ತುತ್ತ ಕೂತಿದ್ದ. ಪೊಲೀಸ್ ಟೋಪಿ ಕಂಡದ್ದೇ ತಡ, ಯಾರೂ ಏನೂ ಕೇಳುವ ಮೊದಲೇ, ತಾನು ಇಚಲಕರಂಜಿಗೆ ಹೋಗಿದ್ದೆ, ಖಂಡಿತ ಹೋಗಿದ್ದೆ ಎಂದು ಆಣೆ ಹಾಕತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಹಣಮಂತ ಅವನನ್ನು ಮೂಲೆಗೆ ಒಯ್ದು ನಾಲ್ಕು ಮಾತು ಗಟ್ಟಿಯಾಗಿ ಕೇಳಿದ. ಗುಂಡು ಹೋಗಿದ್ದು ನಿಜ. ಪಟ್ಟಿ ಬದಲಿಸಿ ಗಾಯ ನೋಡಿ ಬಾ ಎಂದು ಸರ್ಜನ್ ಕಳಿಸಿದ್ದರು. ಗುಂಡು ಚಹಾ ಕುಡಿದು ಬಂದಿದ್ದ.

"ತೋರಸ್ರಿ ಅಂದೆ. ಸಂಕೋಚ ಮಾಡಿಕೊಂಡ್ರು. ಬ್ಯಾನಿ ಇಲ್ಲ, ಆರಾಮದೇನಿ, ನೋಡೂದು ಬ್ಯಾಡ ಅಂದ್ರು. ನಾನೂ ಒತ್ತಾಯ ಮಾಡ್ಲಿಲ್ಲ. ಅಂಥಾದ್ದನ್ನ ಹೆಂಗ ಒತ್ತಾಯ ಮಾಡೂದ್ರಿ?"

ಇವನೇ ಇರಬೇಕು ಎಂದು ಹಣಮಂತನ ಕೈ ತುರಿಸಿತು. ಬಾಯಿ ಅಲ್ಲ ಎಂದು ತಲೆಯಾಡಿಸಿದರು. ಗುಂಡು ಹೋದಾಗ ಸತ್ಯಪ್ಪನಿಗೆ ನೋವಿರಲಿಲ್ಲ. ಅಂದರೆ ಕೆಲಸ ಅದಾಗಲೇ ಕೆಟ್ಟಿತ್ತು. ಮಲ್ಲಾರಿ ಹಚ್ಚಿಸಿದ ಸೊಪ್ಪೂ ಆಮೇಲಿನದು. ಹಾಗಾದರೆ ಉಳಿದವರು ಇಬ್ಬರೇ. ಮೈಯೊಳಗೆ ಕಡ್ಡಿ ಇಟ್ಟವರು, ಮನೆಯಲ್ಲಿ ಆರೈಕೆ ಮಾಡಿದವಳು.

ಕಾಕಾಸಾಹೇಬರು ಅರವತ್ತರ ಗಟ್ಟಿ ಆಳು. ಕುರ್ಚಿ ತುಂಬಿಕೊಂಡು ಕೂತಿದ್ದರು. ಎರಡೂ ಕಿವಿ ಮುರಿದು ಗಂಟಾಗಿದ್ದವು. ಗೋಡೆಯ ಮೇಲೆ ಡಾಕ್ಟರಕಿಯ ಸರ್ಟಿಫಿಕೇಟಿಗಿಂತ ಎತ್ತರದಲ್ಲಿ, ಕುಸ್ತಿ ತಾಲೀಮಿನ ಕೆಂಪು ಮಣ್ಣಿನಲ್ಲಿ ತೊಡೆ ತಟ್ಟಿ ನಿಂತ ಅವರ ಹರೆಯದ ಫೋಟೋ. ಸತ್ಯಪ್ಪ ಸತ್ತ ಸುದ್ದಿ ಕೇಳಿ ಅವರ ಮುಖ ಇಳಿಯಿತು. ಆ ದುಃಖ ನಾಟಕವಲ್ಲ ಎಂದು ಹಣಮಂತನಿಗೆ ಅನ್ನಿಸಿತು.

ತಮ್ಮ ಕೆಲಸದಲ್ಲಿ ತಪ್ಪಿಲ್ಲ ಎಂದು ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಕಡ್ಡಿ ಮುಂಬಯಿಯಿಂದ ತರಿಸಿದ್ದು. ಅಳತೆ ಸರಿ. ಸಕ್ಕರೆ ಹತೋಟಿಗೆ ಬಂದ ಮೇಲೇ ಚಾಕು ಹಿಡಿದದ್ದು. ಹೊಲಿಗೆ ಮಾಯತೊಡಗಿದ ಮೇಲೇ ಮನೆಗೆ ಕಳಿಸಿದ್ದು. ಈ ಆಪರೇಶನ್ನಿನಲ್ಲಿ ಕೀವಾಗಬಹುದು, ಕಡ್ಡಿ ಚರ್ಮ ಹರಿದು ಹೊರಗೆ ಬರಬಹುದು. ತುದಿ ಕಪ್ಪಾಗಿ ಸಾಯುವುದು ಮಾತ್ರ ತೀರ ಅಪರೂಪ. ಸಾವಿರದಲ್ಲಿ ಒಬ್ಬರಿಗೆ ಆಗುತ್ತದೋ ಇಲ್ಲವೋ.

"ನಶೀಬ," ಅಂದರು. "ನಾ ಮತ್ತೇನ ಹೇಳಲಿ?"

ಹಣಮಂತನ ಎದೆ ಹಗುರಾಯಿತು. ಅಪರೂಪದ ತೊಂದರೆ, ನಶೀಬ, ಯಾರದೂ ತಪ್ಪಿಲ್ಲ. ಇಷ್ಟು ಬರೆದರೆ ಮುಗಿಯಿತು. ಯಮುನವ್ವ ಮನೆಗೆ ಹೋಗುತ್ತಾಳೆ. ಬಾಯಿಗೆ ಅಷ್ಟೇ ಸಾಕು ಎಂದು ಕಣ್ಣಿನಲ್ಲೇ ಹೇಳಿದ. ಮಲ್ಲಾರಿ ಸುಮ್ಮನಿರಬೇಕಲ್ಲ.

"ನಶೀಬ ಅಲ್ರಿ," ಎಂದ ಮಲ್ಲಾರಿ. "ಅಕಿ ಹಿಡದು ಏನೋ ಮಾಡ್ಯಾಳ. ಬಿಡ ಬಿಡ ಅಂದ್ರೂ ಬಿಟ್ಟಿಲ್ಲ. ಹಿಂಗ ಬಿಟ್ರ ಊರಾಗ ಅಕೀನ್ನ ಉಳಿಸೂದಿಲ್ಲ ನಾವು."

ಬಾಯಿ ಅವನನ್ನು ಕೂರಿಸಿ ಸರ್ಜನ್ನರ ಕಡೆ ತಿರುಗಿದರು.

"ಡಾಕ್ಟರ್‌ಸಾಹೇಬ್ರ, ಅಪರೂಪ ಖರೆ. ಆದ್ರ ಅಪರೂಪಕ್ಕೂ ಒಂದು ಕಾರಣ ಇರ್ತೈತಿ. ಮನೀಗೆ ಕಳಿಸುಮುಂದ ಏನು ಹೇಳಿ ಕಳಿಸಿದ್ರಿ?"

ಮಾತ್ರೆ ತಪ್ಪಿಸಬಾರದು, ಸಕ್ಕರೆ ತಿನ್ನಬಾರದು, ಭಾರ ಎತ್ತಬಾರದು.

"ಇನ್ನ?"

"ಇನ್ನ... ಒಂದೂವರಿ ತಿಂಗಳು ಸಂಯಮ. ಅದನ್ನೂ ಸ್ಪಷ್ಟ ಹೇಳೇನಿ."

"ಯಾವ ಮಾತಿನ್ಯಾಗ?"

"ಅಂದ್ರ?"

"ಅವತ್ತು ಯಾವ ಮಾತು ಆಡಿದ್ರೋ ಅದನ್ನ ಹೇಳ್ರಿ. ಅಕ್ಷರಶಃ. ಇಕಿ ಅವತ್ತು ಅಲ್ಲೇ ನಿಂತಿದ್ದಳಲ್ಲ, ಇವತ್ತೂ ಇಲ್ಲೇ ನಿಂತಾಳ."

ಕಾಕಾಸಾಹೇಬರು ಬಾಗಿಲ ಬಳಿಯ ಯಮುನವ್ವನನ್ನು ನೋಡಿದರು. ಬಾಯಿಯನ್ನು ನೋಡಿದರು. ಕೆಮ್ಮಿದರು. ಜನ್ಮದಲ್ಲೆಲ್ಲ ಗಂಡಸರ ಗುಟ್ಟಿಗೇ ಚಾಕು ಹಿಡಿದ ಮನುಷ್ಯ, ಇಬ್ಬರು ಹೆಣ್ಣುಮಕ್ಕಳ ಮುಂದೆ ಒಂದು ಮಾತಿಗೆ ತಡವರಿಸಿದರು. ಕಡೆಗೆ ಮೇಜಿನ ಮೇಲಿನ ಗಾಜಿನ ಗುಂಡನ್ನು ತಿರುವುತ್ತ ಮರಾಠಿಯಲ್ಲಿ ಹೇಳಿದರು:

"ಲಂಗೋಟ ಘಟ್ಟ ಠೇವಾಯಚಾ. ದೀಡ ಮಹಿನಾ. ಜರಾಸುದ್ಧಾ ಸೈಲ ಸೋಡಾಯಚಾ ನಾಹೀ."

ಲಂಗೋಟ ಬಿಗಿಯಾಗಿರಲಿ. ಒಂದೂವರೆ ತಿಂಗಳು. ಸ್ವಲ್ಪವೂ ಸಡಿಲ ಬಿಡಬಾರದು.

ಬಾಗಿಲಿನಿಂದ ಯಮುನವ್ವ ತಲೆಯಾಡಿಸಿದಳು. ಎರಡು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಧೈರ್ಯ ಕಂಡಿತು. ತನ್ನ ಪರವಾಗಿ ಸಾಕ್ಷಿ ಹೇಳುವವರು ಒಬ್ಬರು ಸಿಕ್ಕರಲ್ಲ.

"ಹೌದ್ರಿ," ಅಂದಳು. "ಇದ ಮಾತು ಹೇಳಿದ್ರಿ. ನಾ ಹಂಗ ಮಾಡೀನ್ರಿ. ದಿನಾ ಎರಡ ಹೊತ್ತು ಬಿಚ್ಚಿ ಒಗದು, ಬಿಗಿ ಮಾಡಿ ಕಟ್ಟೀನಿ. ಅವರು ಸಡ್ಲ ಬಿಡ ಅಂದ್ರೂ ಬಿಟ್ಟಿಲ್ಲ."

ಕಾಕಾಸಾಹೇಬರ ಕೈಯಲ್ಲಿದ್ದ ಗಾಜಿನ ಗುಂಡು ನಿಂತಿತು. ಹಣಮಂತನಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಬಾಯಿಯ ಚೀಲದ ಕಡೆ ನೋಡಿದ.

"ನಾ... ನಾ ಅದನ್ನ ಹೇಳಲಿಲ್ಲ," ಅಂದರು ಕಾಕಾಸಾಹೇಬರು. "ಲಂಗೋಟ ಘಟ್ಟ ಅಂದ್ರ... ಇಡೀ ಕೊಲ್ಹಾಪುರಕ್ಕ ಗೊತ್ತೈತಿ."

"ಕೊಲ್ಹಾಪುರಕ್ಕ ಗೊತ್ತೈತಿ," ಅಂದರು ಬಾಯಿ. ದನಿ ಏರಲಿಲ್ಲ. "ತಾಲೀಮಿನ್ಯಾಗ ಉಸ್ತಾದ ಹುಡುಗರಿಗೆ ಹೇಳೂ ಮಾತದು. ಹೆಂಗಸಿನ ಹತ್ತರ ಸುಳೀಬ್ಯಾಡ ಅಂತ. ನಾವು ಕನ್ನಡದಾಗ ಕಚ್ಚಿ ಭದ್ರ ಅಂತೀವಲ್ಲ, ಹಂಗ. ಆದ್ರ ಸತ್ಯಪ್ಪ ತಾಲೀಮಿನ ಮಣ್ಣು ಮುಟ್ಟಿದವನಲ್ಲ. ಕುರಿ ಕಾಯ್ದವನು, ಮಗ್ಗ ಹೊಡದವನು. ಗಂಡಸರ ಆಪರೇಶನ್ ಆದಮ್ಯಾಲೆ ಲಂಗೋಟ ಕಟ್ಟೂದನ್ನ ಎಲ್ಲಾರೂ ನೋಡ್ಯಾರ. ಡಾಕ್ಟರ್ ಹೇಳಿದ್ದು ಅದ ಅಂತ ಗಂಡಾಹೆಂಡ್ತಿ ಇಬ್ರೂ ತಿಳಕೊಂಡ್ರು. ನೋವಾಗಿ ನಾ ಬಿಡ ಅಂದ್ರೂ ನೀ ಬಿಡಬ್ಯಾಡ ಅಂತ ಅವನೇ ಇಕಿಗೆ ಹೇಳಿಟ್ಟ."

ಚೀಲದಿಂದ ಲಂಗೋಟ ತೆಗೆದು ಮೇಜಿನ ಮೇಲಿಟ್ಟರು.

ಗುರುತು ತಮಗೆ ಮೊದಲೇ ಕಂಡಿತ್ತು ಎಂದರು ಬಾಯಿ. ಸೊಂಟದ ಮೇಲಿದ್ದದ್ದು ಉಡದಾರದ ಗುರುತಲ್ಲ. ಉಡದಾರ ಒಂದು ಎಳೆ, ಆ ಗುರುತು ಎರಡು ಬೆರಳು ಅಗಲ, ಹಿಂದೆ ಬೆನ್ನಿನಿಂದ ಕೆಳಕ್ಕೆ ಇಳಿದಿತ್ತು. ಸೊಂಟದಲ್ಲಿ ಗುರುತಿಲ್ಲದ ಗಂಡಸು ಈ ಸೀಮೆಯಲ್ಲಿಲ್ಲ, ಹಾಗಾಗಿ ಅದನ್ನು ಗುರುತು ಎಂದು ಯಾವ ಗಂಡಸೂ ಎಣಿಸಲಿಲ್ಲ. ಹಣಮಂತ ತಲೆ ತಗ್ಗಿಸಿದ. ಕೀವಿನಿಂದ ಕೆಟ್ಟಿದ್ದರೆ ಹೊಲಿಗೆಯಿಂದ ಶುರುವಾಗಬೇಕಿತ್ತು, ಇಲ್ಲಿ ತುದಿಯಿಂದ ಶುರುವಾಗಿತ್ತು. ಅಂದರೆ ರಕ್ತ ನಿಂತಿತ್ತು. ಒಳಗೆ ಕಡ್ಡಿ ಇರುವ ಅಂಗ ಮಡಚುವುದಿಲ್ಲ. ಅದನ್ನು ತೊಡೆಗಳ ನಡುವೆ ಒತ್ತಿ ಬಿಗಿದರೆ, ಒಳಗಿನಿಂದ ಕಡ್ಡಿ, ಹೊರಗಿನಿಂದ ಬಟ್ಟೆ. ಸಕ್ಕರೆ ರೋಗಿಯ ರಕ್ತನಾಳ ಮೊದಲೇ ಸಪೂರ. ತುದಿಗೆ ರಕ್ತ ಹೋಗುವುದು ನಿಂತಿತು, ತುದಿ ಸತ್ತಿತು. ಸತ್ತ ಮಾಂಸಕ್ಕೆ ನೋವಿಲ್ಲ. ಒದರುವುದು ನಿಂತದ್ದು ಅದಕ್ಕೆ. ಆಮೇಲೆ ಆ ನಂಜೇ ಮೈಗೆಲ್ಲ ಏರಿತು.

"ಹಂಗಾದ್ರ ಇದನ್ನ ಮಾಡಿದವರು ಯಾರು?" ಮಲ್ಲಾರಿಯ ದನಿ ಬಿರುಕು ಬಿಟ್ಟಿತ್ತು.

"ಇವರು," ಅಂದರು ಬಾಯಿ, ಕಾಕಾಸಾಹೇಬರ ಕಡೆ ನೋಡಿ. "ಚಾಕು ತಪ್ಪಲಿಲ್ಲ ಡಾಕ್ಟರ್‌ಸಾಹೇಬ್ರ. ಹೊಲಿಗಿ ತಪ್ಪಲಿಲ್ಲ. ಹೆಂಡ್ತಿ ಜೋಡಿ ಮಲಗಬ್ಯಾಡ ಅಂತ ನಾಕ ಶಬ್ದ ಹೇಳಾಕ ನಿಮಗ ನಾಚಿಕಿ ಬಂತು. ಇವತ್ತೂ, ಒಬ್ಬಾತ ಸತ್ತಮ್ಯಾಲೂ, ಅದ ನಾಚಿಕಿ. ಅದ ಮಾತು."

ಕಾಕಾಸಾಹೇಬರು ಗಾಜಿನ ಗುಂಡನ್ನು ಪಕ್ಕಕ್ಕಿಟ್ಟು ಹಿಂದಕ್ಕೊರಗಿದರು. ಆ ದೊಡ್ಡ ದೇಹ ಕುರ್ಚಿಯಲ್ಲಿ ಸಣ್ಣದಾಗಿ ಕಂಡಿತು. ಹಣಮಂತ ಮನಸ್ಸಿನಲ್ಲೇ ಕಾನೂನಿನ ಕಲಮು ಹುಡುಕಿದ. ಕಳ್ಳತನಕ್ಕೆ ಕಲಮು ಇದೆ, ಕೊಲೆಗೆ ಇದೆ, ಅಜಾಗರೂಕತೆಗೂ ಇದೆ. ನಾಲಿಗೆಗೆ ನಾಚಿಕೆಯಾದದ್ದಕ್ಕೆ ಯಾವ ಕಲಮೂ ಇಲ್ಲ. ಫೌಜದಾರರು ಇದನ್ನು ಓದಿ ನಗುತ್ತಾರೆ, ಹರಿದು ಹಾಕುತ್ತಾರೆ.

ಆಗ ಯಮುನವ್ವ ಮುಂದೆ ಬಂದಳು. ಭಾವ ಇದ್ದಾನೆಂಬುದೂ ಅವಳಿಗೆ ಮರೆತಿತ್ತು. ಸೆರಗು ಹೆಗಲಿಗೆ ಜಾರಿತ್ತು. ಮೇಜಿನ ಮೇಲಿನ ಬಟ್ಟೆಯನ್ನು ನೋಡುತ್ತಲೇ ಕೇಳಿದಳು:

"ಬಾಯಾರ, ಸಡ್ಲ ಮಾಡಿದ್ರ ಉಳೀತಿದ್ರೇನ್ರಿ?"

ಸುಳ್ಳು ಹೇಳಲಿ ದೇವರೇ ಎಂದು ಹಣಮಂತ ಬೇಡಿಕೊಂಡ. ಒಂದೇ ಒಂದು ಸುಳ್ಳು. ಹೇಳಲಾಗದು, ದೇವರಿಗೇ ಗೊತ್ತು ಎಂದರೆ ಸಾಕಿತ್ತು. ಛಾಯಾಬಾಯಿ ಮೇಜಿನ ಮೇಲಿನ ಲಂಗೋಟವನ್ನು ಮಡಚಿದರು, ಮತ್ತೆ ಬಿಚ್ಚಿದರು. ಅವರೂ ಸುಳ್ಳು ಹುಡುಕುತ್ತಿದ್ದರೇನೋ. ಅವರಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ.

"ಹೌದವ್ವ," ಅಂದರು.

ಯಮುನವ್ವ ಒದರಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. ಹಾಗೆ ಮಾಡಿದ್ದರೆ ಹಣಮಂತನಿಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು. ಅವಳು ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು. ಬ್ಯಾನಿ ನಿಂತ ದಿನ ಅವರು ನಗ್ಯಾಡಿದ್ರು. ನೀ ಬಿಗಿ ಮಾಡಿ ಕಟ್ಟಿದ್ದಕ್ಕ ಆರಾಮ ಆತು ನೋಡ ಅಂದ್ರು. ನಾ ಇನ್ನಷ್ಟು ಬಿಗಿ ಕಟ್ಟಿದ್ನಿ.

ಹೊರಗೆ ಬಂದಾಗ ಮಲ್ಲಾರಿ ಯಾರ ಮುಖವನ್ನೂ ನೋಡಲಿಲ್ಲ. ತಕರಾರು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಹಣಮಂತನಿಗೆ ಹೇಳಿದ. ತಮ್ಮನ ಹೆಂಡತಿಯ ಕಡೆ ಎರಡು ಹೆಜ್ಜೆ ಇಟ್ಟು, ತಿರುಗಿ, ಕಂಬಳಿ ಏರಿಸಿಕೊಂಡು ಒಬ್ಬನೇ ನಡೆದುಬಿಟ್ಟ. ಬಾಯಿ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡಿದ್ದರು. ಆ ಬಾಯಿಯೂ ಅಳುತ್ತಾರೆಂದು ಹಣಮಂತನಿಗೆ ಅವತ್ತೇ ಗೊತ್ತಾದದ್ದು.

ಬಾಯಿ ತಾವು ಹಿಂದಿನಿಂದ ಬರುತ್ತೇನೆ ಎಂದರು. ಬಸ್ ಸ್ಟ್ಯಾಂಡಿನಲ್ಲಿ ಹಣಮಂತ ಯಮುನವ್ವನನ್ನು ನೆರಳಿಗೆ ಕೂರಿಸಿ, ಕೇಸು ಮುಗಿಯಿತು, ನಿನ್ನ ಮೇಲೆ ಏನೂ ಇಲ್ಲ, ನೀನು ನಿರಪರಾಧಿ ಎಂದು ತಿಳಿಹೇಳಿದ. ಹೇಳುವಾಗ ತನ್ನ ಮಾತು ತನಗೇ ಪೊಳ್ಳು ಅನ್ನಿಸಿತು.

ಅವಳು ಎರಡೂ ಕೈ ಮುಂದೆ ಚಾಚಿದಳು.

"ಬರಕೋರಿ," ಅಂದಳು. "ನಾ ಕೊಂದೇನಿ ಅಂತ ಬರಕೋರಿ. ಈ ಕೈಲೆ ಕಟ್ಟೀನಿ."

"ಹಂಗ ಬರಿಯಾಕ ಬರೂದಿಲ್ಲ ತಂಗಿ."

"ಯಾಕ ಬರೂದಿಲ್ರಿ? ನಿನ್ನೆ ಬರಕೊಳ್ಳಾಕ ತಯಾರಿದ್ರಿ."

"ನಿನ್ನೆ ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ರಿ," ಅಂದಳು. ಚಾಚಿದ ಕೈ ಹಾಗೇ ಇತ್ತು. "ಈಗ ಗೊತ್ತಾಗೈತಿ. ಇನ್ನ ನನ್ನ ಎಲ್ಲಿ ಬಿಟ್ಟು ಹೋಗ್ತೀರಿ?"

ಗಡಹಿಂಗ್ಲಜದ ಬಸ್ಸು ಬಂತು. ಜನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರು. ಕಂಡಕ್ಟರ್ ಎರಡು ಸಲ ಕೂಗಿದ. ಅವಳು ಏಳಲಿಲ್ಲ, ಹಣಮಂತನಿಗೆ ಏಳು ಅನ್ನುವ ಬಾಯಿ ಬರಲಿಲ್ಲ. ಬಸ್ಸು ಅವರನ್ನು ಬಿಟ್ಟು ಹೊರಟಿತು.